ನಾಲ್ಕೂ ಚಕ್ರಕ್ಕೆ ಐದೂವರೆ

ಎರಡನೆಯ ಬಟ್ಟಲು ಚಹಾ ಬಗ್ಗಿಸುತ್ತಲೇ ಫೆನ್ನಾ ಹಾರ್ಮ್ಸ್ ತನ್ನ ತೀರ್ಮಾನವನ್ನು ಗಂಡನ ಮುಂದಿಟ್ಟಳು.

"ನಾನು ರೈಲಲ್ಲಿ ಹೋಗ್ತೀನಿ. ನೀನು ಬೇಕಾದ್ರೆ ನಿನ್ನ ಆ ಗಡಗಡ ಡಬ್ಬಾ ಓಡಿಸ್ಕೊಂಡು ಹಿಂದಿಂದ ಬಾ."

ಓಕೋ ಬಟ್ಟಲಿನ ತಳದ ಕಲ್ಲುಸಕ್ಕರೆಯ ಮೇಲೆ ಬಿಸಿ ಚಹಾ ಬಿದ್ದು ಚಟಚಟ ಅನ್ನುವುದನ್ನು ಕೇಳಿಸಿಕೊಂಡು, ಮೇಲೊಂದು ಚಮಚ ಕೆನೆ ಬಿಟ್ಟು, ಕಲಕದೆ ಕುಡಿದ. ಅವರ ಸೀಮೆಯಾದ ಪೂರ್ವ ಫ್ರೀಸ್‌ಲ್ಯಾಂಡಿನಲ್ಲಿ ಚಹಾ ಕಲಕುವವನನ್ನು ಯಾರೂ ನಂಬುವುದಿಲ್ಲ. ಮೂರು ಬಟ್ಟಲು ಮುಗಿಯುವ ಮೊದಲೇ ಜಗಳ ತೆಗೆಯುವವರನ್ನೂ ಅಷ್ಟೇ. ಅದು ಫೆನ್ನಾಗೂ ಗೊತ್ತಿತ್ತು. ಆದರೆ ಅವಳ ತಾಳ್ಮೆ ಮೊದಲನೆಯ ಬಟ್ಟಲಿಗೇ ಖರ್ಚಾಗಿತ್ತು.

ಆಗಸ್ಟ್ ಹನ್ನೆರಡಕ್ಕೆ ಅವಳ ಅಕ್ಕ ಗ್ರೀಟ್ಯೆಗೆ ಎಂಬತ್ತು ತುಂಬುತ್ತಿತ್ತು. ಗ್ರೀಟ್ಯೆ ಟಿರೋಲಿನ ಹೋಟೆಲಿನವನೊಬ್ಬನನ್ನು ಕಟ್ಟಿಕೊಂಡು ಈ ಚಪ್ಪಟೆ ಸೀಮೆಯಿಂದ ಬೆಟ್ಟದ ಸೀಮೆಗೆ ಹೋಗಿ ಐವತ್ತೈದು ವರ್ಷ. ಇಲ್ಲಿಂದ ಅಲ್ಲಿಗೆ ಸಾವಿರ ಕಿಲೋಮೀಟರ್. ತಮ್ಮ ಮನೆಗಾಡಿಯಲ್ಲೇ ಹೋಗುವುದೆಂದು ಗಂಡ ಹೆಂಡತಿ ಚಳಿಗಾಲದಲ್ಲೇ ಮಾತಾಡಿಕೊಂಡಿದ್ದರು. ಹಾಸಿಗೆ, ಒಲೆ, ಬಚ್ಚಲು ಎಲ್ಲ ಒಳಗೇ ಇರುವ ನಾಲ್ಕೂವರೆ ಟನ್ನಿನ ಗಾಡಿ ಅದು. ಓಕೋ ನಿವೃತ್ತನಾದ ವರ್ಷ ಬಂದದ್ದು. ಅದರಲ್ಲಿ ಅವರು ಪೋರ್ಚುಗಲ್ ನೋಡಿದ್ದರು, ಸ್ವೀಡನ್ ನೋಡಿದ್ದರು, ಪರಸ್ಪರ ಮುಖವನ್ನಂತೂ ಬೇಕಾದಷ್ಟು ನೋಡಿದ್ದರು.

ಕೆಟ್ಟದ್ದು ಜೂನಿನಲ್ಲಿ, ಪೆಂತೆಕೋಸ್ತ್ ಹಬ್ಬದ ರಜೆಯಲ್ಲಿ. ದಕ್ಷಿಣಕ್ಕೆ ಹೊರಟವರು ಕಾಸೆಲ್ ಗುಡ್ಡಗಳ ಇಳಿಜಾರಿನಲ್ಲಿದ್ದಾಗ ಹಿಂದಿನ ಎಡಗಡೆಯ ಟೈರು ಢಂ ಎಂದು ಒಡೆಯಿತು. ಗಾಡಿ ಒಮ್ಮೆ ಆ ಕಡೆ ಒಮ್ಮೆ ಈ ಕಡೆ ವಾಲಾಡಿ, ಲಾರಿಯೊಂದರ ಪಕ್ಕದಲ್ಲೇ ಹಾದು, ರಸ್ತೆಯಂಚಿಗೆ ಬಂದು ನಿಂತಿತು. ಓಕೋ ಅದನ್ನು ನಿಲ್ಲಿಸಿದ ಬಗೆ ಕಂಡು, ಸಹಾಯಕ್ಕೆ ಬಂದ ದುರಸ್ತಿಯವನೇ ಟೋಪಿ ತೆಗೆದಿದ್ದ. ಫೆನ್ನಾ ಮಾತ್ರ ಗಾಡಿ ಕೆಟ್ಟಾಗ ತೊಡುವ ಹಳದಿ ಅಂಗಿ ಹಾಕಿಕೊಂಡು ಬೇಲಿಯಾಚೆ ನಿಂತು ನಡುಗುತ್ತಿದ್ದಳು. ಅಂದಿನಿಂದ ಗಾಡಿ ಹತ್ತಿದರೆ ಅವಳ ಬಲಗೈ ಬಾಗಿಲಿನ ಹಿಡಿಯನ್ನು ಬಿಡುವುದಿಲ್ಲ.

ಭಯವನ್ನು ಕೋಪ ಮಾಡಿಕೊಳ್ಳುವ ವಿದ್ಯೆ ಫೆನ್ನಾಗೆ ಹುಟ್ಟಿನಿಂದಲೇ ಬಂದದ್ದು. "ಮೂವತ್ತೆಂಟು ವರ್ಷ ಹಾಲಿನ ಟ್ಯಾಂಕರ್ ಓಡಿಸಿದೋನಂತೆ! ಟೈರು ಕೊಳೆತಿದ್ದು ಕಣ್ಣಿಗೆ ಕಾಣ್ಲಿಲ್ಲ," ಎಂದು ಹಾಡಿನ ಮೇಳದ ಹೆಂಗಸರಿಗೆ ಹೇಳಿದಳು. ಬೇಕರಿಯಲ್ಲಿ ಹೇಳಿದಳು. ಚರ್ಚಿನ ಮೆಟ್ಟಿಲ ಮೇಲೆ ನಿಂತು ಪಾದ್ರಿಗಳಿಗೂ ಹೇಳಿದಳು. ಓಕೋ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡ. ಪ್ರತಿ ಶನಿವಾರ ಪಂಪು ತೆಗೆದುಕೊಂಡು ನಾಲ್ಕೂ ಚಕ್ರಕ್ಕೆ ಐದೂವರೆ ಬಾರ್ ಗಾಳಿ ತುಂಬತೊಡಗಿದ. ಅಷ್ಟು ಗಾಳಿಯಲ್ಲಿ ಟೈರು ಕಲ್ಲಾಯಿತು. ಇಟ್ಟಿಗೆ ಹಾಸಿದ ಊರಿನ ರಸ್ತೆಗಳಲ್ಲಿ ಗಾಡಿ ಕುಣಿಯಿತು, ಕಪಾಟಿನಲ್ಲಿದ್ದ ಗುಲಾಬಿ ಚಿತ್ರದ ತೆಳು ಬಟ್ಟಲೊಂದರ ಹಿಡಿ ಕಳಚಿಬಿತ್ತು, ಫೆನ್ನಾಳ ಸೊಂಟ ಹಿಡಿದುಕೊಂಡಿತು. ಸ್ವಲ್ಪ ಕಡಿಮೆ ಮಾಡು ಅಂದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

"ಐದೂವರೆ ಇರ್ಲಿ," ಅನ್ನುವುದಷ್ಟೇ ಅವನ ಉತ್ತರ.

ಇವತ್ತೂ ಮೂರನೆಯ ಬಟ್ಟಲು ಮುಗಿಸಿ, ಸಾಕು ಎಂಬುದಕ್ಕೆ ಚಮಚವನ್ನು ಬಟ್ಟಲೊಳಗಿಟ್ಟು, ಆಮೇಲೆ ಬಾಯಿ ಬಿಟ್ಟ.

"ನೀನು ರೈಲು ಹತ್ತಿದ್ರೆ ನಾನು ಗಾಡಿ ಮಾರ್ಬಿಡ್ತೀನಿ, ಫೆನ್ನಾ. ಒಬ್ಬನೇ ಓಡಾಡೋಕಲ್ಲ ನಾನದನ್ನ ತಗೊಂಡಿದ್ದು."

ಸಿಟ್ಟಿನಿಂದ ಹೇಳಿದ್ದರೆ ಅವಳೂ ಸಿಟ್ಟಿನಿಂದ ಉತ್ತರ ಕೊಡುತ್ತಿದ್ದಳು. ಅವನು ಹೇಳಿದ್ದು ಮೆಲ್ಲಗೆ. ಗಾಡಿ ಹೋದರೆ ಏನೇನು ಹೋಗುತ್ತದೆ ಎಂದು ಅವಳಿಗೂ ಗೊತ್ತಿತ್ತು.

"ಸರಿ, ಗೇಶೆ ಹತ್ರ ಹೋಗೋಣ," ಅಂದಳು. "ಅವಳು ನೋಡಿ ಸರಿಯಾದ ಟೈರು ಹಾಕಿ, ಇಷ್ಟೇ ಗಾಳಿ ಅಂತ ಬರೆದುಕೊಟ್ರೆ ಬರ್ತೀನಿ. ನಿನ್ನ ಮಾತು ಸಾಲದು."

ಗೇಶೆ ಊರಿನ ಟೈರಿನಂಗಡಿಯವಳು. ಅಪ್ಪನ ಅಂಗಡಿಯನ್ನೂ ಅಪ್ಪನ ನಾಲಿಗೆಯನ್ನೂ ಒಟ್ಟಿಗೇ ಪಡೆದವಳು. ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದು, ಕಾಸೆಲ್ಲಿನ ದುರಸ್ತಿಯವನು ಅವಸರಕ್ಕೆ ಹಾಕಿದ್ದ ಒಂಟಿ ಟೈರನ್ನು ಒದ್ದು ನೋಡಿ, ಉಳಿದ ಮೂರರ ಮೇಲೆ ಬೆರಳಾಡಿಸಿದಳು.

"ನಾಲ್ಕೂ ಬದಲಾಯಿಸ್ಬೇಕು. ಯಾವುದು ಹಾಕ್ಬೇಕು ಅಂತ ಈಗ ಹೇಳಲ್ಲ."

"ದಪ್ಪಗಿರೋದು ಯಾವ್ದಾದ್ರೂ ಹಾಕಮ್ಮ," ಅಂದಳು ಫೆನ್ನಾ.

"ಚಪ್ಪಲಿ ತಗೊಳೋಕೆ ಮುಂಚೆ ಕಾಲು ತೋರಿಸ್ತೀರೋ ಇಲ್ವೋ? ಮೊದಲು ತೂಕ, ಆಮೇಲೆ ಟೈರು, ಆಮೇಲೆ ಗಾಳಿ. ಟೈರಿನ ಮೈಮೇಲೆ ಬರೆದಿರೋದು ಅದು ಎಷ್ಟು ತಡ್ಕೊಳುತ್ತೆ ಅಂತ. ನಿಮಗೆಷ್ಟು ಬೇಕು ಅಂತ ಅದಕ್ಕೇನು ಗೊತ್ತು? ಮಂಗಳವಾರ ಧಾನ್ಯದ ಸೊಸೈಟಿಯ ತೂಕದ ಕಟ್ಟೆಗೆ ಬನ್ನಿ. ಟಿರೋಲಿಗೆ ಹೇಗೆ ಹೋಗ್ತೀರೋ ಹಾಗೇ ತುಂಬ್ಕೊಂಡು ಬನ್ನಿ. ಒಂದು ಚಮಚ ಹೆಚ್ಚಿಲ್ಲ, ಒಂದು ಚಮಚ ಕಮ್ಮಿ ಇಲ್ಲ."

ಫೆನ್ನಾ ತಲೆಯಾಡಿಸಿದಳು. ಅವಳಿಗೊಂದು ಗುಟ್ಟಿತ್ತು.

ಅವರ ಊರಿನ ನಲ್ಲಿ ನೀರು ಮೆದು. ಅದರಲ್ಲಿ ಕುದಿಸಿದ ಚಹಾ ಚಹಾ. ಸುಣ್ಣ ತುಂಬಿದ ಬೇರೆ ಊರಿನ ನೀರಲ್ಲಿ ಕುದಿಸಿದ್ದು ಪಾತ್ರೆ ತೊಳೆದ ನೀರು. ಇದು ಫೆನ್ನಾಳೊಬ್ಬಳ ಅಭಿಪ್ರಾಯವಲ್ಲ, ಆ ಸೀಮೆಯಲ್ಲಿ ಹೆಚ್ಚುಕಡಿಮೆ ಧರ್ಮ. ನಾಲ್ಕು ವರ್ಷದ ಹಿಂದೆ ಓಕೋ, "ಟಿರೋಲಲ್ಲಿ ನೀರಿಲ್ವೇನೇ? ಗಾಡಿಗೆ ಒಂದೊಂದು ಕಿಲೋನೂ ಲೆಕ್ಕ," ಎಂದು ಅವಳ ಕ್ಯಾನುಗಳನ್ನು ಇಳಿಸಿಟ್ಟಿದ್ದ. ಅಂದಿನಿಂದ ಅವಳು ಅವನ ಹತ್ತಿರ ಆ ಮಾತೇ ಎತ್ತಲಿಲ್ಲ. ಪ್ರತಿ ಪ್ರಯಾಣದ ಹಿಂದಿನ ದಿನ ಅವನು ಕ್ಷೌರಕ್ಕೆ ಹೋದಾಗ, ಇಪ್ಪತ್ತು ಲೀಟರಿನ ಆರು ಕ್ಯಾನು ತುಂಬಿ, ಗಾಡಿಯ ಹಿಂದುಗಡೆ ಮಂಚದ ಕೆಳಗೆ ತಳ್ಳಿ, ಮೇಲೆ ಹಳೆಯ ರಜಾಯಿ ಮುಚ್ಚುತ್ತಿದ್ದಳು. ನೀರು ತಾನೇ, ಕಬ್ಬಿಣವೇ ಎಂಬುದು ಅವಳ ಸಮಾಧಾನ. ಈ ಸೋಮವಾರವೂ ಓಕೋ ಕ್ಷೌರಕ್ಕೆ ಹೋದ. ಅವಳೂ ತನ್ನ ಕೆಲಸ ಮುಗಿಸಿದಳು.

ಮಂಗಳವಾರ ಸೊಸೈಟಿಯ ಅಂಗಳದಲ್ಲಿ ಗೋಧಿ ತುಂಬಿದ ಟ್ರ್ಯಾಕ್ಟರುಗಳ ಸಾಲು. ಕಟ್ಟೆಯ ಕಿಟಕಿಯಲ್ಲಿ ಐಲರ್ಟ್ ಎಂಬ ದಪ್ಪ ಮನುಷ್ಯ ಕೂತಿದ್ದ.

"ಮೊಯಿನ್," ಅಂದ ಐಲರ್ಟ್.

"ಮೊಯಿನ್," ಅಂದ ಓಕೋ. ಅಲ್ಲಿಗೆ ಆ ಇಬ್ಬರ ಕುಶಲೋಪರಿ ಮುಗಿಯಿತು.

ಗಂಡ ಹೆಂಡತಿ ಸೀಟಿನಲ್ಲೇ ಕೂತಿರಬೇಕೆಂದು ಗೇಶೆ ಹೇಳಿದಳು. ಮೊದಲು ಮುಂದಿನ ಚಕ್ರ ಮಾತ್ರ ಕಟ್ಟೆ ಹತ್ತಿತು. "ಸಾವಿರದ ಎಂಟುನೂರ ನಲವತ್ತು," ಎಂದು ಐಲರ್ಟ್ ಕೂಗಿದ. ಮುಂದಿನ ಅಚ್ಚು ಎರಡು ಸಾವಿರದ ನೂರು ಹೊರಬಲ್ಲದು, ಗೇಶೆಗೆ ಖುಷಿಯಾಯಿತು. ಆಮೇಲೆ ಹಿಂದಿನ ಚಕ್ರ ಮಾತ್ರ.

"ಎರಡು ಸಾವಿರದ ಆರುನೂರ ನಲವತ್ತು!"

"ಇನ್ನೊಂದ್ಸಲ ಹೇಳು?" ಅಂದಳು ಗೇಶೆ.

"ಎಷ್ಟು ಸಲ ಹೇಳಿದ್ರೂ ಅಷ್ಟೇ ಕಣಮ್ಮ."

ಗೇಶೆ ಗಾಡಿಯ ಕಿಟಕಿಯ ಹತ್ತಿರ ಬಂದಳು. "ಹಿಂದಿನ ಅಚ್ಚಿನ ಮಿತಿ ಎರಡೂವರೆ ಸಾವಿರ. ನೂರ ನಲವತ್ತು ಕಿಲೋ ಜಾಸ್ತಿ ಇದೆ. ಹಿಂದೆ ಏನಿಟ್ಟಿದೀರ, ಹಸು ಕಟ್ಟಿದೀರಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಫೆನ್ನಾ ಸುಮ್ಮಸುಮ್ಮನೆ ತನ್ನ ಕೈಚೀಲ ತೆರೆದು ಮುಚ್ಚಿದಳು. ಅವಳು ಏನಾದರೂ ಹೇಳುವ ಮೊದಲೇ ಓಕೋ ಕೆಳಗಿಳಿದಿದ್ದ.

"ನನ್ನ ಸಾಮಾನೇ ಇರ್ಬೇಕು," ಅಂದ. "ಸಲಕರಣೆ ಪೆಟ್ಟಿಗೆ. ತೆಗೀತೀನಿ ಇರು."

ಹಿಂಬದಿಯ ಬಾಗಿಲು ತೆಗೆದು ಸಲಕರಣೆ ಪೆಟ್ಟಿಗೆ ಇಳಿಸಿದ. ಅದು ಅವನ ಟ್ಯಾಂಕರಿನ ಕಾಲದ್ದು, ಒಂದೊಂದು ಸ್ಪ್ಯಾನರಿಗೂ ಅವನು ಎಣ್ಣೆ ಸವರಿ ಬಟ್ಟೆ ಸುತ್ತಿದ್ದ. ಆಮೇಲೆ ಮಾಂಸ ಸುಡುವ ಇದ್ದಿಲ ಒಲೆ ಇಳಿಯಿತು. ಮೀನು ಹಿಡಿಯುವ ಗಾಳ, ಬೂಟು, ಬಲೆ, ಎಲ್ಲ ಇಳಿಯಿತು. ಐಲರ್ಟ್ ಪ್ರತಿ ಸಲವೂ ತೂಕ ಕೂಗಿದ. ಕೊನೆಗೆ, "ಎರಡು ಸಾವಿರದ ಐನೂರ ಎಂಬತ್ತು!"

"ಇನ್ನೂ ಎಂಬತ್ತು ಕಿಲೋ ಹೋಗ್ಬೇಕು," ಅಂದಳು ಗೇಶೆ. "ಮಂಚದ ಕೆಳಗೆ ಏನಿದೆ?"

"ರಜಾಯಿ," ಅಂದ ಓಕೋ ಥಟ್ಟನೆ. "ಹಳೇ ರಜಾಯಿ. ಅದೇನು ತೂಗುತ್ತೆ ಬಿಡು. ನನ್ನ ಸೈಕಲ್ಲು ಇಳಿಸ್ತೀನಿ. ಬೆಟ್ಟದಲ್ಲಿ ಸೈಕಲ್ ತುಳಿಯೋ ವಯಸ್ಸಾ ನಂದು?"

ಗಾಡಿಯ ಹಿಂಬದಿಗೆ ನೇತುಹಾಕಿದ್ದ ಸೈಕಲ್ಲಿನ ಪಟ್ಟಿಗಳನ್ನು ಬಿಚ್ಚತೊಡಗಿದ. ಎಲ್ಲಿ ನಿಂತರೂ ಬೆಳಿಗ್ಗೆ ಎದ್ದು ಆ ಸೈಕಲ್ ಮೇಲೇ ಹೋಗಿ ಅವಳಿಗೆ ಬಿಸಿ ಬ್ರೆಡ್ಡು ತರುತ್ತಿದ್ದ. ಫೆನ್ನಾ ಕನ್ನಡಿಯಲ್ಲಿ ಅದನ್ನೆಲ್ಲ ನೋಡುತ್ತ ಕೂತಿದ್ದಳು. ನೆಲದ ಮೇಲೆ ಗುಡ್ಡೆಯಾಗಿದ್ದದ್ದೆಲ್ಲ ಅವನದ್ದು, ಒಂದೂ ಅವಳದ್ದಲ್ಲ. ಟ್ರ್ಯಾಕ್ಟರಿನವರು ಎಂಜಿನ್ ಆರಿಸಿ, ಕೈಕಟ್ಟಿ, ನಾಟಕ ನೋಡುವವರ ಹಾಗೆ ನಿಂತಿದ್ದರು. ಅವಳಿಗೆ ಇನ್ನು ತಡೆಯಲಾಗಲಿಲ್ಲ.

"ನಿಲ್ಸೋ ಓಕೋ! ಆ ಸೈಕಲ್ ಮುಟ್ಬೇಡ!"

ಇಳಿದು ಹಿಂದೆ ಹೋಗಿ ರಜಾಯಿಯನ್ನು ಕಿತ್ತೆಸೆದಳು. ಆರು ಬಿಳಿಯ ಕ್ಯಾನುಗಳು ಸಾಲಾಗಿ ಕೂತಿದ್ದವು. ಈಗ ನಗುತ್ತಾರೆ, ಸಂಜೆಗೆ ಊರೆಲ್ಲ ನಗುತ್ತದೆ ಎಂದು ಫೆನ್ನಾ ಕಿವಿಯವರೆಗೂ ಕೆಂಪಾಗಿ ನಿಂತಳು.

ಸಾಲಿನ ಮೊದಲ ಟ್ರ್ಯಾಕ್ಟರಿನಿಂದ ಮುದುಕ ರೈತನೊಬ್ಬ ಇಳಿದು ಬಂದು ಕ್ಯಾನಿನ ಮೇಲೆ ತಟ್ಟಿ ಕೇಳಿದ, "ಊರಿನ ನೀರಾ?"

"ಹೌದು."

"ಚಹಾಕ್ಕಾ?"

"ಮತ್ತಿನ್ನೇನಕ್ಕೆ, ಕಾಲು ತೊಳೆಯೋಕಾ?"

"ಅದಾದ್ರೆ ಸರಿ," ಅಂದ ಮುದುಕ ಗಂಭೀರವಾಗಿ. "ನಾನೂ ಹ್ಯಾನೋವರಿಗೆ ಮಗಳ ಮನೆಗೆ ಹೋಗೋವಾಗ ಎರಡು ಕ್ಯಾನು ಒಯ್ತೀನಿ. ಅಲ್ಲಿನ ನೀರು ದನಾನೂ ಕುಡಿಯಲ್ಲ." ಹಿಂದಿನ ಟ್ರ್ಯಾಕ್ಟರುಗಳವರೂ ಹೌದು ಹೌದು ಎಂದು ತಲೆಯಾಡಿಸಿದರು. ಐಲರ್ಟ್ ಕಿಟಕಿಯಿಂದ, ನಮ್ಮ ಮನೆಯವಳು ಮೂರು ಒಯ್ತಾಳೆ ಎಂದು ಕೂಗಿದ.

ಗೇಶೆ ಮಾತ್ರ ಕರಗಲಿಲ್ಲ. "ನೀರಿಗೆ ನನ್ನ ತಕರಾರಿಲ್ಲಮ್ಮ. ಇಟ್ಟಿರೋ ಜಾಗ ನೋಡಿ! ಅಚ್ಚಿನಿಂದ ಅಷ್ಟು ಹಿಂದೆ ಇಟ್ರೆ ನೂರಿಪ್ಪತ್ತು ಕಿಲೋ ಅಚ್ಚಿನ ಮೇಲೆ ನೂರ ಅರವತ್ತಾಗಿ ಕೂರುತ್ತೆ. ಮುಂದಿನ ಅಚ್ಚೇನೋ ಅಷ್ಟು ಹಗುರಾಗುತ್ತೆ, ಆದ್ರೆ ಏನು ಬಂತು?"

ಫೆನ್ನಾಳ ತಲೆಯಲ್ಲಿ ಆಗ ಒಂದು ಲೆಕ್ಕ ಎದ್ದಿತು. ಅವಳು ಕೇಳಬಾರದೆಂದುಕೊಂಡೇ ಕೇಳಿದಳು.

"ಪೆಂತೆಕೋಸ್ತ್ ಹಬ್ಬಕ್ಕೆ ಹೋದಾಗ್ಲೂ ಇದೇ ಆರು ಕ್ಯಾನು ಇದ್ವು. ಆ ಟೈರು..."

"ಆ ಹಳೇ ಟೈರು ಒಂದೊಂದು ಸಾವಿರದ ಇನ್ನೂರೈವತ್ತು ಕಿಲೋ ಹೊರೋದು. ನೀವು ಹೊರಿಸಿದ್ದು ಅದಕ್ಕಿಂತ ಜಾಸ್ತಿ. ಜೊತೆಗೆ ಬಿಸಿಲು, ಇಳಿಜಾರು. ಒಡೀದೆ ಇನ್ನೇನು ಮಾಡುತ್ತೆ ಪಾಪ."

ಎಂದರೆ ಟೈರು ಕೊಳೆತಿರಲಿಲ್ಲ. ಹಾಲಿನ ಟ್ಯಾಂಕರಿನವನ ಕಣ್ಣಿಗೂ ಏನೂ ಆಗಿರಲಿಲ್ಲ. ಫೆನ್ನಾ ಮೆಲ್ಲಗೆ ಗಂಡನ ಕಡೆ ತಿರುಗಿದಳು. ಅವನು ಈಗ ಗೆದ್ದವನ ಮುಖ ಹೊತ್ತು ನಿಂತಿರುತ್ತಾನೆ ಎಂದುಕೊಂಡಿದ್ದಳು. ಓಕೋ ತನ್ನ ಬೂಟಿನ ತುದಿ ನೋಡುತ್ತ ನಿಂತಿದ್ದ. ಬೆಚ್ಚಿಬಿದ್ದವನ ಲಕ್ಷಣ ಒಂದಿಷ್ಟೂ ಇರಲಿಲ್ಲ.

"ನಿನಗೆ ಗೊತ್ತಿತ್ತು," ಅಂದಳು.

"ಅವತ್ತು ರಸ್ತೆಗೆ ಕೆಂಪು ತ್ರಿಕೋನ ಇಡ್ಬೇಕಲ್ಲ, ಅದನ್ನ ಹುಡುಕೋವಾಗ ರಜಾಯಿ ಜಾರ್ತು."

"ಎರಡು ತಿಂಗಳು! ಎರಡು ತಿಂಗಳು ಊರ ತುಂಬಾ ನಿನ್ನ ಮಾನ ಕಳ್ದಿದೀನಲ್ಲೋ! ಪಾದ್ರಿಗಳಿಗೂ ಹೇಳ್ದೆ!"

"ಹೂಂ. ಪಾದ್ರಿಗಳು ನನಗೋಸ್ಕರ ಪ್ರಾರ್ಥನೆ ಮಾಡ್ತೀನಿ ಅಂದ್ರು."

"ಬಾಯಿ ಬಿಡೋಕೇನಾಗಿತ್ತು ನಿನಗೆ?"

ಓಕೋ ತಲೆ ಕೆರೆದುಕೊಂಡ. "ಮೊದಲೇ ಹೆದರಿದ್ದೆ ನೀನು. ನಿನ್ನ ನೀರಿಂದಲೇ ಟೈರು ಒಡೀತು ಅಂತ ಬೇರೆ ಹೇಳಿದ್ರೆ? ನೀರು ಬಿಡ್ತಿದ್ದೆ, ಆಮೇಲೆ ಚಹಾ ಬಿಡ್ತಿದ್ದೆ. ಚಹಾ ಇಲ್ದಿರೋ ನಿನ್ನ ಪಕ್ಕದಲ್ಲಿ ಕೂರಿಸ್ಕೊಂಡು ಟಿರೋಲ್‌ವರೆಗೂ ಗಾಡಿ ಓಡಿಸೋ ಧೈರ್ಯ ನನಗಿಲ್ಲ ಕಣೇ. ಭಾರ ಹೇಗೂ ಇರುತ್ತೆ, ಗಾಳಿನಾದ್ರೂ ತುಂಬೋಣ ಅಂತ ಐದೂವರೆ ತುಂಬ್ದೆ."

"ಹಿಂದಿನದಕ್ಕೆ ಸರಿ," ಎಂದು ಗೇಶೆ ನಡುವೆ ಬಾಯಿ ಹಾಕಿದಳು. ಅವಳ ಕಸುಬಿನ ಮನಸ್ಸಿಗೆ ಅದೊಂದು ಮುಳ್ಳು ಚುಚ್ಚುತ್ತಿತ್ತು. "ಮುಂದಿನದಕ್ಕೆ ಯಾಕೆ ಐದೂವರೆ? ಗಾಡಿ ಕುಣಿಯೋದೇ ಅದಕ್ಕೆ. ಮುಂದೆ ಭಾರವೇ ಇಲ್ವಲ್ಲ ಮಾರಾಯ್ರೇ!"

"ಹಿಂದಕ್ಕೆ ಮಾತ್ರ ತುಂಬಿದ್ರೆ, ಹಿಂದೆ ಯಾಕೆ ಅಂತ ಕೇಳ್ತಿದ್ಲು," ಅಂದ ಓಕೋ. "ನಾಲ್ಕಕ್ಕೂ ತುಂಬ್ಬಿಟ್ರೆ, ಮೊಂಡ ಅಂತ ಬೈದು ಸುಮ್ನಾಗ್ತಾಳೆ."

ಫೆನ್ನಾಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಅವನ ತೋಳಿಗೊಂದು ಗುದ್ದು ಕೊಟ್ಟಳು, ಆಮೇಲೆ ಅದೇ ತೋಳಿಗೆ ಮುಖ ಒರಗಿಸಿಕೊಂಡಳು. ಮುದುಕ ರೈತ ತನ್ನ ಗೋಧಿಯ ಕಡೆ ತಿರುಗಿ ನಿಂತ. ಈ ಸೀಮೆಯಲ್ಲಿ ಗಂಡ ಹೆಂಡಿರ ಅಂಥದ್ದನ್ನೆಲ್ಲ ಹಾಡುಹಗಲೇ ನೋಡುವ ಪದ್ಧತಿಯಿಲ್ಲ.

"ಪ್ರೀತಿ ಗೀತಿ ಎಲ್ಲ ಚೆನ್ನಾಗಿದೆ," ಅಂದಳು ಗೇಶೆ. "ಆದ್ರೆ ಭಾರ ಮಿತಿ ಮೀರಿದ್ರೆ ಎಷ್ಟು ಗಾಳಿ ತುಂಬಿದ್ರೂ ಅಚ್ಚಿನ ಭಾರ ಇಳಿಯಲ್ಲ. ಇನ್ನೊಂದ್ಸಲ ಹೀಗೆ ಮಾಡಿದ್ರೆ ನಿಮಗೆ ಟೈರಲ್ಲ, ಕಪಾಳಕ್ಕೆ ಕೊಡ್ತೀನಿ. ಈಗ ಏನಿರ್ಬೇಕು ಏನು ಹೋಗ್ಬೇಕು ಹೇಳಿ. ಹಿಂದೆ ಸಾಲು ಬೆಳೀತಿದೆ."

"ನಾಲ್ಕು ಕ್ಯಾನು ಮನೆಗೆ," ಅಂದಳು ಫೆನ್ನಾ. ಹೇಳಿದಾಗ ಅವಳಿಗೆ ಒಳಗೊಳಗೇ ಸಂಕಟವಾಗದೆ ಇರಲಿಲ್ಲ. "ಎರಡು ಸಾಕು. ಒಂದು ದಾರಿಗೆ, ಒಂದು ಅಕ್ಕನಿಗೆ."

ಆ ಎರಡು ಕ್ಯಾನು ಓಕೋನ ಸೀಟಿನ ಹಿಂದಕ್ಕೆ ಬಂದು, ಪಟ್ಟಿ ಬಿಗಿಸಿಕೊಂಡು ಕೂತವು. ಸಲಕರಣೆ ಪೆಟ್ಟಿಗೆಯನ್ನು ಮುಂದಿನ ಕಾಲ ಬಳಿಯ ಗೂಡಿಗೆ ಸೇರಿಸಿದರು. ಒಲೆ, ಗಾಳ ಮತ್ತೆ ತಮ್ಮ ಜಾಗಕ್ಕೆ ಹೋದವು. ಸೈಕಲ್ ನೇತುಹಾಕಿದ್ದಲ್ಲೇ ಉಳಿಯಿತು. ಐಲರ್ಟ್ ಕೂಗಿದ: ಮುಂದೆ ಸಾವಿರದ ಒಂಬೈನೂರ ಐವತ್ತು, ಹಿಂದೆ ಎರಡು ಸಾವಿರದ ನಾನೂರ ಐವತ್ತು. ಟ್ರ್ಯಾಕ್ಟರಿನವರು ಚಪ್ಪಾಳೆ ತಟ್ಟಿದರು. ಯಾಕೆ ತಟ್ಟಿದರೋ ಅವರಿಗೂ ಗೊತ್ತಿದ್ದ ಹಾಗಿರಲಿಲ್ಲ.

ಗುರುವಾರ ಹೊಸ ಟೈರು ಬಂದವು. ಒಂದೊಂದೂ ಸಾವಿರದ ನಾನೂರೈವತ್ತು ಕಿಲೋ ಹೊರುವಂಥವು, ಲೋಹದ ವಾಲ್ವಿನವು. ಗೇಶೆ ಟೈರು ಮಾಡಿದವರ ಪಟ್ಟಿ ತೆಗೆದು, ಈ ತೂಕಕ್ಕೆ ಇಷ್ಟು ಎಂದು ಬೆರಳಿಟ್ಟು ತೋರಿಸಿದಳು. ಮುಂದೆ ಮೂರು ಮುಕ್ಕಾಲು, ಹಿಂದೆ ಐದು. ಹೊರಡುವ ಮೊದಲು, ಟೈರು ತಣ್ಣಗಿರುವಾಗಲೇ ಅಳೆಯಬೇಕು. ಅದನ್ನೊಂದು ಚೀಟಿಯಲ್ಲಿ ಬರೆದು ಓಕೋನ ತಲೆಯ ಮೇಲಿನ ಬಿಸಿಲು ತಡೆಯುವ ಪಟ್ಟಿಗೆ ಅಂಟಿಸಿದಳು. ಫೆನ್ನಾ ಅದನ್ನು ಎರಡು ಸಲ ಗಟ್ಟಿಯಾಗಿ ಓದಿಸಿಕೊಂಡಳು.

ಆ ಸಂಜೆ ಹಾಡಿನ ಮೇಳದಲ್ಲಿ, ಮೊದಲ ಹಾಡು ಶುರುವಾಗುವ ಮುಂಚೆ, ಫೆನ್ನಾ ಎದ್ದು ನಿಂತಳು. "ಟೈರು ಒಡೆದಿದ್ದು ನನ್ನ ನೀರಿಂದ. ಓಕೋದೇನೂ ತಪ್ಪಿಲ್ಲ. ನಾನು ಹೇಳಿದ್ದನ್ನ ಯಾರ್ಯಾರಿಗೆ ಹೇಳಿದೀರೋ ಅವರಿಗೆಲ್ಲ ಇದನ್ನೂ ಹೇಳಿ," ಅಂದಳು. ಮಂಗಳವಾರವೇ ಗೊತ್ತಾಯ್ತು ಕಣೇ, ನೀನು ಯಾವಾಗ ಹೇಳ್ತೀಯ ಅಂತ ಕಾಯ್ತಿದ್ವಿ, ಎಂದರು ಹೆಂಗಸರು. ಮಾರನೆಯ ದಿನ ಪಾದ್ರಿಗಳ ಮನೆಗೂ ಹೋಗಿ ಹೇಳಿ ಬಂದಳು. ಅದು ಕಷ್ಟವಾಯಿತು.

ಶನಿವಾರ ಬೆಳಿಗ್ಗೆ ಆರಕ್ಕೆ ಹೊರಟರು. ಗಾಳಿ ಅಳೆದದ್ದು ಓಕೋ, ಮುಳ್ಳು ಓದಿದ್ದು ಫೆನ್ನಾ. ಇಟ್ಟಿಗೆಯ ರಸ್ತೆಯಲ್ಲಿ ಕಪಾಟಿನ ಬಟ್ಟಲುಗಳು ಕಿಂಕ್ ಅನ್ನಲಿಲ್ಲ. ಆದರೂ ಹೆದ್ದಾರಿ ಹತ್ತಿದಾಗ ಅವಳ ಬಲಗೈ ಬಾಗಿಲಿನ ಹಿಡಿಗೆ ಹೋಯಿತು. ಲೆಕ್ಕವನ್ನು ತಲೆ ಒಪ್ಪಿತ್ತು, ಕೈ ಒಪ್ಪಿರಲಿಲ್ಲ.

"ಕಾಸೆಲ್ ಗುಡ್ಡ ಬರೋಕೆ ಮುಂಚೆ ಹೇಳು," ಅಂದಳು. "ಕಣ್ಣು ಮುಚ್ಕೊಂಡು ಕೂರ್ಬೇಕು ನಾನು."

"ಹೇಳ್ತೀನಿ."

ಗೋಧಿ ಕೊಯ್ದ ಹೊಲಗಳು ಸರಿದವು, ಗಾಳಿಯಂತ್ರಗಳು ಸರಿದವು. ಗಾಡಿ ಮೆತ್ತಗೆ, ಒಂದೇ ಲಯದಲ್ಲಿ ಹೋಗುತ್ತಿತ್ತು. ಓಕೋ ಮೂಗಿನಲ್ಲೇ ಏನೋ ಗುನುಗುತ್ತಿದ್ದ. ಅವನು ಗುನುಗಿ ಎರಡು ತಿಂಗಳಾಗಿತ್ತು ಎಂದು ಅವಳಿಗೆ ಹೊಳೆಯಿತು. ಅದನ್ನು ಹೇಳಬೇಕೆಂದುಕೊಂಡಳು.

ಕಣ್ಣು ಬಿಟ್ಟಾಗ ಬಿಸಿಲು ಇನ್ನೊಂದು ಕಡೆಯಿಂದ ಬರುತ್ತಿತ್ತು. ರಸ್ತೆಯ ಎರಡೂ ಬದಿ ಅವಳಿಗೆ ಗುರುತಿಲ್ಲದ ಕಾಡು. ಅವಳ ಎರಡೂ ಕೈ ಮಡಿಲಲ್ಲಿದ್ದವು.

"ಎಲ್ಲಿದೀವಿ? ಕಾಸೆಲ್ ಇನ್ನೆಷ್ಟು ದೂರ?"

"ಅದು ದಾಟಿ ಒಂದೂವರೆ ಗಂಟೆ ಆಯ್ತು."

"ಹೇಳ್ತೀನಿ ಅಂದಿದ್ದೆ!"

"ಹೇಳ್ದೆ," ಅಂದ ಓಕೋ, ರಸ್ತೆಯಿಂದ ಕಣ್ಣು ತೆಗೆಯದೆ. "ಗೊರಕೆ ಹೊಡೀತಿದ್ದೆ."